ನಾಲ್ಕನೆಯ ಆಧಾರ

ಹದಿನೇಳನೇ ನಂಬರಿನ ಪ್ರಬಂಧದಲ್ಲಿ ಎರಡು ಪುಟ ಓದಿದರೂ ಒಂದು ತಪ್ಪೂ ಸಿಗದೆ ಹೋದದ್ದರಿಂದ ಮೇಷ್ಟ್ರಿಗೆ ಅನುಮಾನ ಶುರುವಾಯಿತು. ಹದಿನೈದು ವರ್ಷದ ಮಕ್ಕಳು ಹೀಗೆ ಬರೆಯುವುದಿಲ್ಲ. ಆ ವಯಸ್ಸಿನ ಪ್ರಬಂಧವೆಂದರೆ ಎರಡನೇ ಪ್ಯಾರಾದಲ್ಲಿ ಸತ್ತ ರಾಜ ನಾಲ್ಕನೆಯದರಲ್ಲಿ ಎದ್ದು ಬಂದು ಕಂದಾಯ ಹಾಕುತ್ತಿರಬೇಕು, ಅಂಚಿನಲ್ಲಿ ಒಂದು ಕತ್ತಿಯೋ ಯಾರದೋ ಮೀಸೆಯೋ ಇರಬೇಕು, ಕೊನೆಯ ಪುಟದ ಹೊತ್ತಿಗೆ ಸಾಲುಗಳು ಇಳಿಜಾರು ಹಿಡಿದಿರಬೇಕು. ಇಲ್ಲಿ ಅಕ್ಷರ ಗುಂಡಗೆ, ನೆಟ್ಟಗೆ, ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ನಡೆದಿತ್ತು. ಪಕ್ಕದಲ್ಲಿ ಯಾರು ಕೂತಿದ್ದರು? ಅಪ್ಪನೋ ಅಮ್ಮನೋ? ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳ ಇತಿಹಾಸದ ಪ್ರಬಂಧ ತಿದ್ದುವ ಈ ಕೆಲಸ ಅವರಿಗೆ ನಿವೃತ್ತಿಯಾದ ಮೇಲೆ ಸಿಕ್ಕಿದ್ದು. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಕೇಂದ್ರ. ಅಲ್ಲಿಂದ ತಿಂಗಳಿಗೊಮ್ಮೆ ಕಂದು ಲಕೋಟೆಯಲ್ಲಿ ಮೂವತ್ತು ಪ್ರಬಂಧ ಬರುತ್ತವೆ. ಹೆಸರಿರುವುದಿಲ್ಲ; ನಂಬರು, ವಯಸ್ಸು, ಹುಡುಗನೋ ಹುಡುಗಿಯೋ ಎಂಬುದು ಮಾತ್ರ. ಪ್ರತಿಯೊಂದರ ಕೊನೆಗೂ ‘ಆಧಾರಗಳು’ ಎಂಬ ಪಟ್ಟಿ: ಯಾವ ಮಾತನ್ನು ಯಾವ ಪುಸ್ತಕದಿಂದ ತೆಗೆದುಕೊಂಡಿರಿ ಎಂದು ಮಕ್ಕಳು ಸಾಲಾಗಿ ಬರೆಯಬೇಕು. ಅದರ ಕೆಳಗೆ ಮೇಷ್ಟ್ರಿಗಾಗಿ ಎರಡು ಚೌಕ, ‘ಸ್ವಂತದ್ದು’, ‘ಸಂದೇಹ’. ಸಂದೇಹಕ್ಕೆ ಗುರುತು ಬಿದ್ದರೆ ಮಗು ಕೇಂದ್ರಕ್ಕೆ ಬಂದು ಮೇಷ್ಟ್ರ ಕಣ್ಣೆದುರಿಗೇ ಅದನ್ನು ಮತ್ತೆ ಬರೆಯಬೇಕು. ಬರೆಯಲಾಗದಿದ್ದರೆ ಆ ವರ್ಷ ಬೋರ್ಡ್ ಪರೀಕ್ಷೆಗೆ ಕೂರುವಂತಿಲ್ಲ.

ಐದು ವರ್ಷದಲ್ಲಿ ಹನ್ನೊಂದು ಮಂದಿಯನ್ನು ಮೇಷ್ಟ್ರು ಹಿಡಿದಿದ್ದರು. ಹದಿನಾಲ್ಕು ವರ್ಷದ ಒಬ್ಬ ಹುಡುಗ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಯುದ್ಧದ ವರ್ಣನೆ ಶುರು ಮಾಡಿದ್ದ. ಅಪ್ಪ ಕಚೇರಿಯಲ್ಲಿ ಗುಮಾಸ್ತ ಎಂದು ಮೇಷ್ಟ್ರು ಕೂತಲ್ಲೇ ಹೇಳಿದ್ದರು, ಹೇಳಿದಂತೆಯೇ ಆಗಿತ್ತು. ಇನ್ನೊಬ್ಬಳ ರಾಣಿಯರಿಗೆಲ್ಲ ರಕ್ತಹೀನತೆ, ತಾಯಿ ನರ್ಸು. ಕೇಂದ್ರದ ಮೇಡಂ ಇವರನ್ನು ನೋಡಿದಾಗಲೆಲ್ಲ ‘ಸಾರ್ ಕೈಗೆ ಸಿಕ್ಕಿದ್ರೆ ಮುಗೀತು’ ಎಂದು ನಗುತ್ತಿದ್ದರು, ಅದು ಹೊಗಳಿಕೆಯೋ ಇನ್ನೇನೋ ಎಂದು ಮೆಟ್ಟಿಲಿಳಿಯುವಾಗ ಮೇಷ್ಟ್ರು ಯೋಚಿಸುತ್ತಿದ್ದರು. ಶಾಲೆಯಲ್ಲಿದ್ದಾಗಲೂ ಅಷ್ಟೆ. ಬೆನ್ನ ಹಿಂದೆ ಮಕ್ಕಳು ‘ಕೆಂಪಿಂಕು’ ಅನ್ನುತ್ತಿದ್ದರು. ಅದು ಗೊತ್ತಿಲ್ಲದವರ ಹಾಗೆ ಇರುವುದರಲ್ಲೇ ಮೂವತ್ತು ವರ್ಷ ಕಳೆದಿತ್ತು.

ಮೂರನೇ ಪುಟಕ್ಕೆ ಬಂದರು. ವಿಷಯ ಕಣಜದ ದಂಗೆ. ಹಳೆಯ ಕಾಲದ ಒಂದು ಬರಗಾಲದಲ್ಲಿ ಊರಿನ ಜನ ದೊರೆಯ ಕಣಜಕ್ಕೆ ನುಗ್ಗಿದ ಕತೆ; ಪಠ್ಯಪುಸ್ತಕದಲ್ಲಿ ಒಂದೂವರೆ ಪುಟ, ಕಾರಣ ನಾಲ್ಕು, ಪರಿಣಾಮ ಮೂರು. ಹುಡುಗಿ ಕಾರಣಗಳನ್ನು ಸಲೀಸಾಗಿ ದಾಟಿ ಕಣಜದ ಬಾಗಿಲ ಮುಂದೆ ಬಂದು ನಿಂತಿದ್ದಳು. ‘ಜನರು ಬಾಗಿಲನ್ನು ಮುರಿಯಲಿಲ್ಲ,’ ಎಂದು ಬರೆದಿದ್ದಳು. ‘ಒಳಗಿದ್ದ ಕಾವಲುಗಾರನೇ ಎಡಗೈಯಿಂದ ಅಗುಳಿ ಸರಿಸಿ ತೆರೆದನು. (೪)’

ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ ಓದಿದರು. ಪುಟ ತಿರುಗಿಸಿ ಆಧಾರಗಳ ಪಟ್ಟಿ ನೋಡಿದರು. ಒಂದು, ಎರಡು, ಮೂರು, ಮೂರಕ್ಕೂ ಪುಸ್ತಕದ ಹೆಸರು, ಪುಟಸಂಖ್ಯೆ. ನಾಲ್ಕು ಎಂದು ಬರೆದು ಚುಕ್ಕಿ ಇಟ್ಟು ಮುಂದಕ್ಕೆ ಖಾಲಿ ಬಿಟ್ಟಿದ್ದಳು.

ಆ ಕಾವಲುಗಾರ ಯಾವ ಪುಸ್ತಕದಲ್ಲೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅವನನ್ನು ಹುಟ್ಟಿಸಿದವರು ಮೇಷ್ಟ್ರೇ. ಆಗ ಅವರಿಗೆ ಇಪ್ಪತ್ತೊಂಬತ್ತು. ಊಟದ ನಂತರದ ಪಿರಿಯಡ್ಡು, ಒಂಬತ್ತನೇ ತರಗತಿ, ನಲವತ್ತು ಮಕ್ಕಳೂ ತೂಕಡಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಸಣ್ಣದೊಂದು ಗೊರಕೆ ಕೂಡ ಕೇಳಿಸುತ್ತಿತ್ತು. ಕಿಟಕಿಯಾಚೆ ಶಾಲೆಯ ಜವಾನ ಬಲಗೈಯಲ್ಲಿ ಗಂಟೆ ಬಾರಿಸುವ ಸುತ್ತಿಗೆ ಹಿಡಿದುಕೊಂಡು ಎಡಗೈಯಿಂದ ಉಗ್ರಾಣದ ಚಿಲಕ ತೆಗೆಯುತ್ತಿದ್ದ. ಅದನ್ನು ನೋಡುತ್ತ ನೋಡುತ್ತ ಮೇಷ್ಟ್ರ ಬಾಯಿಂದ ಮಾತು ಬಂದುಬಿಟ್ಟಿತು: ‘ಬಾಗಿಲನ್ನ ಯಾರೂ ಮುರೀಲಿಲ್ಲ ಕಣ್ರೋ. ಒಳಗಿದ್ದನಲ್ಲ ಕಾವಲುಗಾರ, ಅವನೇ ತೆಗ್ದ. ಎಡಗೈಲಿ.’ ನಲವತ್ತು ತಲೆಗಳೂ ಎದ್ದವು. ಅಂಥ ಮೌನ ಅವರ ತರಗತಿಯಲ್ಲಿ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ. ಮರುವರ್ಷ ಇನ್‌ಸ್ಪೆಕ್ಟರು ಬಂದಾಗ ಒಬ್ಬ ಎದ್ದು ನಿಂತು ಅದನ್ನೇ ಹೇಳಿದ. ಇನ್‌ಸ್ಪೆಕ್ಟರು ‘ಭೇಷ್’ ಎಂದರು. ಆಮೇಲೆ ನೋಟ್ಸಿನಿಂದ ಅದನ್ನು ಹೊರಗಿಡುವುದು ಹೇಗೆ? ಇಪ್ಪತ್ತೆಂಟು ವರ್ಷ ಅದನ್ನೇ ಹೇಳಿ ಬರೆಸಿದರು. ಕಾವಲುಗಾರ, ಅಲ್ಪವಿರಾಮ, ಎಡಗೈಯಿಂದ.

‘ಏನ್ರೀ, ಟೀ ಆರಿ ತಣ್ಣಗಾಯ್ತು,’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಬಂದು ಲೋಟ ಎತ್ತಿಕೊಳ್ಳುತ್ತ ಮುಖ ನೋಡಿದಳು. ‘ಯಾರ್ದೋ ಗ್ರಹಚಾರ ಕೆಟ್ಟಿದೆ ಅನ್ಸುತ್ತೆ ಇವತ್ತು.’

‘ಕಣಜದ ಬಾಗಿಲು ಹೇಗೆ ತೆರೀತು, ಗೊತ್ತಾ ನಿಂಗೆ?’

‘ಕಾವಲುಗಾರ ತೆಗ್ದ. ಎಡಗೈಲಿ.’ ಅವಳು ಲೋಟದ ತಳ ಸೆರಗಿನಿಂದ ಒರೆಸಿದಳು. ‘ಮದ್ವೆ ಆದ ಹೊಸತ್ರಲ್ಲಿ ನೀವೇ ಹೇಳಿದ್ದಲ್ವಾ? ನಮ್ಮಕ್ಕನ ಮಕ್ಕಳಿಗೆಲ್ಲ ನಾನೇ ಹೇಳಿದೀನಿ. ಯಾಕೆ?’

‘ಏನಿಲ್ಲ.’

‘ಮಕ್ಕಳ ಮೇಲೂ ಡೌಟು, ಅವರ ತಾಯಂದಿರ ಮೇಲೂ ಡೌಟು. ಒಂದಿನ ಕನ್ನಡಿ ಮುಂದೆ ನಿಂತು ಇವನ್ಯಾರು ಅಂತೀರ ನೋಡಿ,’ ಎಂದು ಅವಳು ಹೋದಳು.

ಹೋದ ಮೇಲೂ ಮೇಷ್ಟ್ರು ಆ ಖಾಲಿ ಜಾಗವನ್ನೇ ನೋಡುತ್ತ ಕೂತರು. ಒಂದು ಮಾತು ಖಚಿತ: ಈ ಹುಡುಗಿಯ ಮನೆಯಲ್ಲಿ ತಮ್ಮ ಹತ್ತಿರ ಓದಿದವರು ಯಾರೋ ಇದ್ದಾರೆ. ಈ ತಪ್ಪು ಮಾಡಬಲ್ಲವರು ಜಗತ್ತಿನಲ್ಲಿ ಸಾವಿರದ ನೂರು ಮಂದಿ. ಅವರಲ್ಲಿ ಯಾರು ಬೇಕಾದರೂ ಇರಬಹುದು ಎಂದು ತಮಗೆ ತಾವೇ ಹೇಳಿಕೊಂಡರು, ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಉಳಿದವರೆಲ್ಲ ನಾಲ್ಕನೆಯ ಸಾಲಿನಲ್ಲಿ ಯಾವುದೋ ಪುಸ್ತಕದ ಹೆಸರು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಖಾಲಿ ಬಿಡುವವಳು ಒಬ್ಬಳೇ. ಮೂರನೇ ಬೆಂಚು, ಕಿಟಕಿ ಪಕ್ಕ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರದಲ್ಲಿ ಬರೆದಿದ್ದಳು: ‘ಕಾವಲುಗಾರನು ಅಗುಳಿ ತೆಗೆದನೆಂದು ನಮ್ಮ ಮೇಷ್ಟ್ರು ಹೇಳಿದ್ದಾರೆ. ಗ್ರಂಥಾಲಯದ ಮೂರು ಪುಸ್ತಕಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಇದರ ಆಧಾರ ಯಾವುದು?’ ಹೆಗಲ ಮೇಲಿಂದ ಬಗ್ಗಿ ಓದಿದ ಗಣಿತದ ಮೇಷ್ಟ್ರು ಸ್ಟಾಫ್ ರೂಮಿಗೆಲ್ಲ ಕೇಳುವಂತೆ ನಕ್ಕಿದ್ದರು. ‘ಏನ್ರೀ, ನಿಮ್ಮ ಬುಡಕ್ಕೇ ಬಂತಲ್ಲ!’ ಆ ನಗು ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತುಬಿಟ್ಟಿತು. ಮರುದಿನ ಮೊದಲ ಪಿರಿಯಡ್ಡಿನಲ್ಲೇ ಮೇಷ್ಟ್ರು ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು. ‘ಇದನ್ನ ಯಾರು ಬರ್ಕೊಟ್ರು?’ ‘ನಾನೇ ಸಾರ್.’ ‘ನೀನೇನಾ? ಹಾಗಾದ್ರೆ ಬಾ, ಬೋರ್ಡ್ ಮೇಲೆ ಬರಿ. ನೋಡೇ ಬಿಡೋಣ.’ ಸೀಮೆಸುಣ್ಣ ಹಿಡಿದು ಅವಳು ‘ಕಾವಲುಗಾರನು’ ಎಂದು ಬರೆದಳು. ಕೈ ನಿಂತಿತು. ಬೆನ್ನ ಹಿಂದೆ ಮೂವತ್ತೊಂಬತ್ತು ಜನ. ‘ನಿಧಾನವಾಗಿ ಬರಿ, ಟೈಮಿದೆ,’ ಎಂದು ಮೇಷ್ಟ್ರು ಕುರ್ಚಿಗೆ ಒರಗಿದ್ದರು, ಕಾಲ ಮೇಲೆ ಕಾಲು ಹಾಕಿದ್ದರು, ಅದು ಕೂಡ ಚೆನ್ನಾಗಿ ನೆನಪಿದೆ. ಅವಳ ಬೆರಳುಗಳ ಸಂದಿಯಿಂದ ಸುಣ್ಣದ ಪುಡಿ ಉದುರುತ್ತಿತ್ತು. ಗಂಟೆ ಹೊಡೆಯುವವರೆಗೆ ಉದುರಿತು. ‘ನೋಡಿದ್ರಲ್ಲ?’ ಎಂದು ಮೇಷ್ಟ್ರು ತರಗತಿಗೆ ಹೇಳಿ ಉತ್ತರಪತ್ರಿಕೆಯ ಮೇಲೆ ಸೊನ್ನೆ ಸುತ್ತಿದ್ದರು. ಸೋಮವಾರದಿಂದ ಅವಳು ಬರಲಿಲ್ಲ. ಅವಳಪ್ಪ ಬಂದು ವರ್ಗಾವಣೆ ಪತ್ರ ಕೇಳಿದಾಗ, ತರಗತಿಯ ಮೇಷ್ಟ್ರಾದ್ದರಿಂದ ಇವರೇ ತುಂಬಬೇಕಾಯಿತು. ನಡತೆ ಎಂಬಲ್ಲಿ ‘ತೃಪ್ತಿಕರ’ ಎಂದು ಬರೆದಿದ್ದರು. ಬೇರೆ ಯಾರೂ ಬರೆದುಕೊಟ್ಟಿಲ್ಲವೆಂಬುದು ಆವತ್ತೇ ಗೊತ್ತಿತ್ತು. ಅವಳು ಅನುಮಾನಪಟ್ಟದ್ದಕ್ಕೆ ಇವರು ಅನುಮಾನಪಟ್ಟಂತೆ ನಟಿಸಿದರು, ಅಷ್ಟೆ. ನಂತರದ ವರ್ಷಗಳಲ್ಲಿ ಎಡಗೈ ಎಂಬ ಮಾತನ್ನು ಮೊದಲಿಗಿಂತ ಒತ್ತಿ ಒತ್ತಿ ಬರೆಸಿದರು.

ಈಗ ಇಪ್ಪತ್ತೇಳು ವರ್ಷವಾದ ಮೇಲೆ ಅವಳು ಮಗಳ ಕೈಯಲ್ಲಿ ಅದೇ ಪ್ರಶ್ನೆ ಕಳಿಸಿದ್ದಾಳೆ. ತಿದ್ದುವವರು ಯಾರೆಂದು ಅವಳಿಗೆ ಗೊತ್ತೆ? ಗೊತ್ತಿರಲೇಬೇಕು. ಹಿಂದಿನ ಪ್ರಬಂಧಗಳ ಅಂಚಿನಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಆಧಾರ?’ ‘ಆಧಾರ?’ ಎಂದು ಬರೆದು ಕಳಿಸಿದವರು ಇವರೇ ತಾನೆ. ಆ ಬಾಗಿದ ‘ಧ’ವನ್ನು ಮರೆಯುವುದು ಹೇಗೆ? ಇದು ಬಲೆ. ಸರಿ ಎಂದು ಗುರುತು ಹಾಕಿದರೆ ಕೇಂದ್ರಕ್ಕೆ ಒಂದು ದೂರು ಬರುತ್ತದೆ: ಖಾಲಿ ಆಧಾರಕ್ಕೆ ಅಂಕ ಕೊಟ್ಟಿದ್ದಾರೆ, ಕಾವಲುಗಾರ ಎಲ್ಲಿದ್ದಾನೆ ಕೇಳಿ. ತಪ್ಪು ಎಂದು ಹೊಡೆದರೆ ನಿಮ್ಮ ನೋಟ್ಸಿನಲ್ಲೇ ಇದೆಯಲ್ಲ ಸಾರ್ ಎಂದು ಆ ಹಳೆಯ ನೋಟ್‌ಬುಕ್ಕು ತಂದು ಮೇಜಿನ ಮೇಲೆ ಇಡುತ್ತಾಳೆ. ಕೇಂದ್ರದ ಮೇಡಮ್ಮೂ ಇದರಲ್ಲಿ ಶಾಮೀಲಾಗಿರಬಹುದು. ಹೋದ ತಿಂಗಳು ಲಕೋಟೆ ಕೊಡುವಾಗ ‘ಸಾರ್, ಸ್ವಲ್ಪ ರೆಸ್ಟ್ ತಗೊಳ್ಳಿ’ ಎಂದಿದ್ದರಲ್ಲ, ಯಾಕೆ? ಹೆಂಡತಿ ಈಗಷ್ಟೆ ಕನ್ನಡಿಯ ಮಾತು ತೆಗೆದದ್ದು ಕೂಡ ಸುಮ್ಮನೆಯೇ? ಇಲ್ಲ, ಅದು ಅತಿಯಾಯಿತು, ಎಂದು ಮೇಷ್ಟ್ರು ತಮ್ಮನ್ನೇ ಗದರಿಸಿಕೊಂಡರು. ಕೊನೆಗೆ ನಿಯಮ ಎಂಬ ಒಂದು ಆಸರೆ ಸಿಕ್ಕಿತು. ಹದಿನೈದರ ಹುಡುಗಿ ಇಷ್ಟು ಚೆನ್ನಾಗಿ ಬರೆದರೆ ಕರೆಸಿ ನೋಡಬೇಕಾದ್ದು ನಿಯಮ. ‘ಸಂದೇಹ’ ಎಂಬ ಚೌಕದಲ್ಲಿ ಗುರುತು ಹಾಕಿದರು. ಹಾಕಿದ ಮೇಲೆ ಊಟದ ಹೊತ್ತಿನವರೆಗೆ ಉಳಿದ ಹದಿಮೂರು ಪ್ರಬಂಧಗಳನ್ನು ಎಂದೂ ಇಲ್ಲದ ಔದಾರ್ಯದಿಂದ ತಿದ್ದಿದರು.

ಒಂಬತ್ತನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಾಯಿ ಮಗಳು ಕೇಂದ್ರಕ್ಕೆ ಬಂದರು. ಕೆಳಗಿನ ಅಂಗಡಿಯಲ್ಲಿ ಯಾವುದೋ ಹೊಲಿಗೆ ಯಂತ್ರವನ್ನು ಖಾಲಿ ಓಡಿಸಿ ನೋಡುತ್ತಿದ್ದರು. ನೆಲ ಸಣ್ಣಗೆ ಅದುರುತ್ತಿತ್ತು. ಮೇಷ್ಟ್ರು ಮೇಜಿನ ಹಿಂದೆ ಕೂತು ಮೇಡಂ ಕೊಟ್ಟ ಅರ್ಜಿಯನ್ನು ಓದುವವರಂತೆ ಹಿಡಿದಿದ್ದರು. ಮಗುವನ್ನು ಮನೆಯಲ್ಲೇ ಓದಿಸಲು ಕಾರಣ ಎಂಬ ಜಾಗದಲ್ಲಿ ಗುಂಡಗೆ ಬರೆದಿತ್ತು: ‘ಪ್ರಶ್ನೆ ಕೇಳುವ ಅಭ್ಯಾಸವಿದೆ.’ ಮೇಷ್ಟ್ರು ಅದನ್ನು ಎರಡು ಸಲ ಓದಿ ಅರ್ಜಿಯನ್ನು ಬೋರಲು ಹಾಕಿದರು.

‘ನಮಸ್ಕಾರ ಸಾರ್,’ ಎಂದಳು ತಾಯಿ. ಎಲ್ಲರೂ ಹಾಗೇ ಅನ್ನುತ್ತಾರೆ. ಕಿವಿಯ ಮೇಲೆ ಒಂದು ಎಳೆ ಬಿಳಿಗೂದಲು, ಮೂಗಿನ ಮೇಲೆ ಕನ್ನಡಕದ ಗುರುತು. ಮೇಷ್ಟ್ರು ಆ ಮುಖದಲ್ಲಿ ಮೂರನೇ ಬೆಂಚನ್ನು ಹುಡುಕಿದರು. ಇತ್ತು ಅನ್ನಿಸಿತು, ಇಲ್ಲ ಅನ್ನಿಸಿತು. ಅವಳ ಕಣ್ಣಲ್ಲಿ ಗುರುತು ಹಿಡಿದ ಲಕ್ಷಣ ಏನೂ ಕಾಣಲಿಲ್ಲ, ಮತ್ತೆ ಅದೇ ಅವರಿಗೆ ಅನುಮಾನದ ವಿಷಯವಾಯಿತು. ಗುರುತೇ ಸಿಗದಷ್ಟು ತಾವು ಮುದುಕರಾಗಿದ್ದೇವೆಯೇ, ಇಲ್ಲ ಇವಳು ನಾಟಕ ಆಡುತ್ತಿದ್ದಾಳೆಯೇ?

‘ಇವಳು ಬರೆಯೋದು ನಿಧಾನ ಸಾರ್,’ ಎಂದಳು ತಾಯಿ. ‘ನಾನು ಅವಸರ ಮಾಡ್ಸಲ್ಲ.’

‘ಪೋಷಕರು ಹೊರಗೆ ಕೂರ್ಬೇಕು,’ ಎಂದರು ಮೇಷ್ಟ್ರು. ದನಿ ಬೇಕಾದ್ದಕ್ಕಿಂತ ಗಟ್ಟಿಯಾಯಿತು. ತಾಯಿ ಮಗಳ ಕೈಗೆ ನೀರಿನ ಬಾಟಲಿ ಕೊಟ್ಟು ಹೊರಗಿನ ಬೆಂಚಿಗೆ ಹೋದಳು. ಮೇಷ್ಟ್ರು ಬಾಗಿಲು ಹಾಕಿ ಚಿಲಕ ಸರಿಸಿದರು.

ಹುಡುಗಿಗೆ ಎದುರು ಕುರ್ಚಿ, ಕೊನೆಯದರ ಕೆಳಗೆ ಅದೇ ಎರಡು ಚೌಕವಿದ್ದ ಮೂರು ಹಾಳೆ, ಒಂದು ಪೆನ್ನು. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಮೇಷ್ಟ್ರೇ ಹೇಳಿದರು, ಆಮೇಲೆ ಯಾರೂ ಮೋಸ ಅನ್ನಬಾರದು. ಅವಳು ತಲೆಯಾಡಿಸಿ ಬರೆಯತೊಡಗಿದಳು. ಮೇಷ್ಟ್ರು ಅವಳ ಕೈಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಆ ಕೈ ನಿಲ್ಲಲಿ ಎಂದು ಅವರ ಒಳಗೆ ಯಾರೋ ಹಾರೈಸುತ್ತಿದ್ದರು, ಮತ್ತೆ ಹಾರೈಸಿದವರು ಯಾರೆಂದು ಗೊತ್ತಾಗಿ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ನಿಂತರೆ ಈ ಹುಡುಗಿಯ ವರ್ಷ ಹೋಗುತ್ತದೆ, ತಾಯಿ ಬಾಯಿ ಮುಚ್ಚಿಕೊಂಡು ಹೋಗುತ್ತಾಳೆ, ಕಾವಲುಗಾರನ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಕೈ ನಿಲ್ಲಲಿಲ್ಲ. ಹುಡುಗಿ ಜಡೆಯ ತುದಿ ಕಚ್ಚಿಕೊಂಡು, ಒಂದು ಪದ ಹೊಡೆದು ಹಾಕಿ, ಇನ್ನೊಂದು ಬರೆದು, ನೀರು ಕುಡಿದು, ಮತ್ತೆ ಬರೆದಳು. ಎರಡನೇ ಹಾಳೆಯ ಅಂಚಿನಲ್ಲಿ ಒಂದು ಪುಟ್ಟ ಬಾಗಿಲು ಬಿಡಿಸಿ ಅದಕ್ಕೆ ಅಗುಳಿಯನ್ನೂ ಹಾಕಿದಳು. ಸಾಲುಗಳು ಇಳಿಜಾರು ಹಿಡಿದಿದ್ದವು. ಮನೆಯಿಂದ ಕಳಿಸಿದ್ದು ಕರಡು ನೋಡಿ ಚೊಕ್ಕವಾಗಿ ಪ್ರತಿ ಮಾಡಿದ್ದು, ಅಷ್ಟೆ, ಬರವಣಿಗೆ ಇವಳದೇ. ಮೊದಲ ಹಾಳೆಯನ್ನು ಎಳೆದುಕೊಂಡು ಓದಿದ ಮೇಷ್ಟ್ರಿಗೆ ಎರಡು ಪ್ಯಾರಾ ಮುಗಿಯುವಷ್ಟರಲ್ಲಿ ಅದು ಗೊತ್ತಾಗಿ ಹೋಯಿತು.

‘ಸಾರ್,’ ಎಂದಳು ಹುಡುಗಿ, ಹನ್ನೊಂದೂವರೆಯ ಹೊತ್ತಿಗೆ. ‘ಆಧಾರ ನಾಲ್ಕು ಅಂತ ಏನು ಬರೀಲಿ?’

‘ನಿಂಗೇನು ಗೊತ್ತೋ ಅದನ್ನ ಬರಿ.’

‘ನಂಗೆ ಗೊತ್ತಿಲ್ಲ ಸಾರ್. ಅಮ್ಮಂಗೆ ಅವಳ ಮೇಷ್ಟ್ರು ಹೇಳಿದ್ದಂತೆ. ಅಮ್ಮ ಎಲ್ಲೆಲ್ಲೋ ಹುಡುಕಿದಾಳೆ. ಹೊಸ ಊರಿಗೆ ಹೋದ್ರೆ ಮೊದ್ಲು ಲೈಬ್ರರಿಗೇ ಹೋಗೋದು, ನಮ್ಮಪ್ಪ ತಮಾಷೆ ಮಾಡ್ತಾರೆ, ನಿಮ್ಮ ಕಾವಲುಗಾರ ರಜದ ಮೇಲಿರ್ಬೇಕು ಅಂತ.’ ಹುಡುಗಿ ನಕ್ಕಳು. ‘ಖಾಲಿ ಬಿಡು ಅಂದಿದ್ದು ಅಮ್ಮನೇ. ತಿದ್ದೋರಿಗೆ ಗೊತ್ತಿರುತ್ತೆ, ಅವರು ಬರೆದು ಕಳಿಸ್ತಾರೆ ಅಂದ್ಲು. ನೀವು ಬರೀಲೇ ಇಲ್ಲ, ಕರ್ಸಿಬಿಟ್ರಿ.’

ಕೆಳಗೆ ಯಂತ್ರ ನಿಂತಿತ್ತು.

‘ಈಗ ಬರೀರಿ ಸಾರ್,’ ಎಂದು ಹುಡುಗಿ ಹಾಳೆಯನ್ನು ಅವರ ಕಡೆ ತಿರುಗಿಸಿ ತನ್ನ ಪೆನ್ನನ್ನು ಅದರ ಮೇಲೆ ಇಟ್ಟಳು. ‘ಯಾವ ಪುಸ್ತಕ?’

ನೀಲಿ ಪೆನ್ನು. ಮೇಷ್ಟ್ರು ಅದನ್ನು ತೆಗೆದುಕೊಂಡು ನಾಲ್ಕರ ಮುಂದಿನ ಚುಕ್ಕಿಯ ಪಕ್ಕ ಇಟ್ಟರು. ಒಂದು ಪುಸ್ತಕದ ಹೆಸರು ಸಾಕಿತ್ತು. ಯಾವುದಾದರೂ ಸುಟ್ಟುಹೋದ ಹಸ್ತಪ್ರತಿ, ಯಾವುದಾದರೂ ಮುಚ್ಚಿಹೋದ ಅಚ್ಚುಕೂಟದ ಪುಸ್ತಕ, ಯಾರೂ ಹುಡುಕಲಾಗದಂಥದ್ದು. ಮೂವತ್ತು ವರ್ಷ ಇತಿಹಾಸ ಹೇಳಿದವರಿಗೆ ಅಷ್ಟು ಕಷ್ಟವೇ? ಆ ತಾಯಿ ಅದನ್ನೂ ನಂಬುತ್ತಾಳೆ, ಅದನ್ನೂ ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಪೆನ್ನಿನ ತುದಿ ಹಾಳೆಯ ಮೇಲಿತ್ತು. ಕೈ ಏಳಲಿಲ್ಲ. ಎದುರಿಗೆ ಎರಡೇ ಕಣ್ಣು, ಅವು ಸುಮ್ಮನೆ ಕುತೂಹಲದಿಂದ ನೋಡುತ್ತಿದ್ದವು, ಆದರೂ ಬೆನ್ನ ಹಿಂದೆ ತರಗತಿಗೆ ತರಗತಿಯೇ ಕೂತಿದ್ದಂತೆ ಮೇಷ್ಟ್ರ ಕತ್ತು ಬೆವೆತಿತು. ಚುಕ್ಕಿಯ ಪಕ್ಕ ಶಾಯಿ ಹರಡಿ ಇನ್ನೊಂದು ಚುಕ್ಕಿಯಾಯಿತು.

‘ನಿಧಾನವಾಗಿ ಬರೀರಿ ಸಾರ್,’ ಎಂದಳು ಹುಡುಗಿ. ‘ಟೈಮಿದೆ.’

ಅವಳ ಮುಖ ನೋಡಿದರು. ಅದರಲ್ಲಿ ಕುಹಕದ ಎಳೆಯೂ ಇರಲಿಲ್ಲ. ಮುದುಕರ ಕೈ ನಡುಗುತ್ತದೆ, ಪಾಪ, ಎಂದು ಹೇಳಿದ ಮಾತು ಅದು. ಅನುಮಾನಪಡುವುದಕ್ಕೆ ಅಲ್ಲಿ ಏನೂ ಸಿಗದೆ ಮೇಷ್ಟ್ರಿಗೆ ಅಳು ಬಂದಂತಾಯಿತು. ಆಮೇಲೆ ಬರೆದರು. ಎರಡೇ ಸಾಲು, ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ‘ಆಧಾರವಿಲ್ಲ. ಒಂಬತ್ತನೇ ತರಗತಿಯ ಇತಿಹಾಸದ ಮೇಷ್ಟ್ರು ಊಟದ ನಂತರದ ಪಿರಿಯಡ್ಡಿನಲ್ಲಿ ಕಟ್ಟಿ ಹೇಳಿದ್ದು.’ ಕೆಳಗೆ ಸಹಿ ಹಾಕಿದರು. ಅದೇ ಕೈಯಲ್ಲಿ ‘ಸ್ವಂತದ್ದು’ ಎಂಬ ಚೌಕಕ್ಕೂ ಗುರುತು ಹಾಕಿದರು.

ಹುಡುಗಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಸಹಿ ನೋಡಿದಳು, ಮೇಷ್ಟ್ರನ್ನು ನೋಡಿದಳು. ಬಾಯಿ ಸ್ವಲ್ಪ ತೆರೆದೇ ಇತ್ತು. ‘ಅಂದ್ರೆ ಆ ಮೇಷ್ಟ್ರು...’

‘ಹ್ಞೂಂ.’

‘ಅಯ್ಯೋ, ಇದನ್ನ ನಾನು ತೋರ್ಸಿದ್ರೆ ಅಮ್ಮ ನಂಬಲ್ಲ ಸಾರ್. ಯಾರು ಬರ್ಕೊಟ್ರು ಅಂತಾಳೆ,’ ಎಂದಳು ಹುಡುಗಿ. ‘ನೀವೇ ಹೇಳಿ.’

ಮೇಷ್ಟ್ರು ಹಾಳೆ ಹಿಡಿದುಕೊಂಡು ಎದ್ದರು. ಮೇಜಿನಿಂದ ಬಾಗಿಲಿಗೆ ಆರು ಹೆಜ್ಜೆ. ಚಿಲಕ ಬಿಗಿಯಾಗಿತ್ತು, ಎರಡು ಸಲ ಎಳೆದ ಮೇಲೆ ಬಂತು. ಬೆಂಚಿನ ಮೇಲೆ ಕೂತಿದ್ದ ತಾಯಿ ಬಾಗಿಲು ತೆರೆದದ್ದೇ ತಡ ತಟ್ಟನೆ ಎದ್ದು, ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು, ತರಗತಿಗೆ ಮೇಷ್ಟ್ರು ಬಂದಾಗ ನಿಲ್ಲುವ ಹಾಗೆ ನಿಂತಳು. ನಲವತ್ತು ದಾಟಿದ ಹೆಂಗಸು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಬಿಳಿಗೂದಲಿನ ಕೆಳಗೆ, ಕನ್ನಡಕದ ಗುರುತಿನ ಹಿಂದೆ, ಕಿಟಕಿಯ ಪಕ್ಕದಲ್ಲಿ ಅವಳು ಕೂತಿದ್ದಳು.

‘ಆವತ್ತಿನ ಉತ್ತರ,’ ಎಂದರು ಮೇಷ್ಟ್ರು. ‘ಆವತ್ತು ಅದನ್ನ ನೀನೇ ಬರ್ದಿದ್ದೆ. ನಂಗೆ ಗೊತ್ತಿತ್ತು.’

‘ನಿಮಗೆ ಗೊತ್ತಿತ್ತು ಅನ್ನೋದು ನಂಗೂ ಗೊತ್ತಿತ್ತು ಸಾರ್,’ ಎಂದಳು ಅವಳು, ಮೆಲ್ಲಗೆ, ಸಿಟ್ಟಿಲ್ಲದೆ. ಇವರ ಕೈಯಿಂದ ಹಾಳೆ ತೆಗೆದುಕೊಂಡು, ಬ್ಯಾಗಿನಲ್ಲಿ ತಡಕಿ ಕನ್ನಡಕ ಹಾಕಿಕೊಂಡು, ನಾಲ್ಕನೆಯ ಸಾಲನ್ನು ಓದಿದಳು. ಮುಗಿದ ಮೇಲೂ ಕಣ್ಣು ಅಲ್ಲೇ ಇತ್ತು. ಮುಖದಲ್ಲಿ ಏನೋ ಒಂದು ಕಳಚಿ ಬಿದ್ದಂತಾಯಿತು. ಬೋರ್ಡಿನ ಮುಂದೆ ನಿಂತಿದ್ದ ದಿನ ಕೂಡ ಮೇಷ್ಟ್ರು ಆ ಮುಖವನ್ನು ಹಾಗೆ ಕಂಡಿರಲಿಲ್ಲ.

‘ಕಾವಲುಗಾರ ಮಾತ್ರ ಇದ್ದ ಅಂತ್ಲೇ ನಂಬಿದ್ದೆ ಸಾರ್,’ ಎಂದಳು.